ಬ್ಲೇಸ್ ಎಸ್ಟೇಟಿನ ಹುಲ್ಲುಮಾಡಿನ ಹಾಲುಮನೆ

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಾಯವ್ಯಕ್ಕೆ, ಹೆನ್‌ಬರಿ ಎಂಬ ಹಳೆಯ ಊರಿಗೆ ಅಂಟಿಕೊಂಡು ಬ್ಲೇಸ್ ಕ್ಯಾಸಲ್ ಎಸ್ಟೇಟು ಇದೆ. 1926ರಲ್ಲಿ ನಗರಾಡಳಿತ ಇದನ್ನು ಕೊಂಡು ಜನರಿಗೆ ಬಿಟ್ಟುಕೊಟ್ಟಿತು. ಆ ಖರೀದಿಗೆ 2026ಕ್ಕೆ 100 ವರ್ಷ. ಸುಮಾರು 650 ಎಕರೆಯ ಈ ನೆಲದಲ್ಲಿ ಕಮರಿ ಇದೆ, ಕಾಡಿದೆ, ಗುಡ್ಡದ ನೆತ್ತಿಯ ಮೇಲೊಂದು ಹುಸಿಕೋಟೆ ಇದೆ, ಮ್ಯೂಸಿಯಂ ಆಗಿರುವ ದೊಡ್ಡ ಮನೆ ಇದೆ. ಇಂಥ ಶತಮಾನದ ಲೇಖನ ದೊಡ್ಡ ಮನೆಯಿಂದ ಶುರುವಾಗುವುದು ವಾಡಿಕೆ. ಇಲ್ಲಿ ಮಾತ್ರ ಅದರ ಮಗ್ಗುಲಲ್ಲಿರುವ ಸಣ್ಣ ಕಟ್ಟಡವನ್ನು, ಹುಲ್ಲು ಹೊದಿಸಿದ ಡೈರಿಯನ್ನು, ಮುಂದಿಟ್ಟುಕೊಂಡಿದ್ದೇನೆ. ಕಲ್ಲಿನ ಗೋಡೆ ಒಮ್ಮೆ ಎದ್ದರೆ ಇನ್ನೂರು ವರ್ಷ ಸುಮ್ಮನೆ ನಿಂತಿರುತ್ತದೆ. ಹುಲ್ಲಿನ ಚಾವಣಿ ಹಾಗಲ್ಲ. ತಲೆಮಾರಿಗೊಮ್ಮೆ ಯಾರಾದರೂ ಕೈಯಿಂದ ದುಡ್ಡು ಬಿಚ್ಚಿ ಹೊಸ ಹುಲ್ಲು ಹೊದಿಸಬೇಕು. ಹಾಗೆ ಬಿಚ್ಚಿದವರು ಯಾರು, ಯಾಕೆ ಬಿಚ್ಚಿದರು ಎಂದು ಕೇಳುತ್ತ ಹೋದರೆ ಇಡೀ ಎಸ್ಟೇಟಿನ ಕಥೆ ಹೊರಬೀಳುತ್ತದೆ.

1762–1789: ಸಕ್ಕರೆ ವರ್ತಕನ ಗುಡ್ಡ

ಈ ಗುಡ್ಡದ ಮೇಲೆ ಕಬ್ಬಿಣಯುಗದ ಕೋಟೆಯ ದಿಬ್ಬಗಳಿವೆ. ಉಣ್ಣೆ ಬಾಚುವವರ ಪಾಲಿನ ದೈವವಾದ ಸಂತ ಬ್ಲೇಸನ ಗುಡಿ ಹಿಂದೆ ಇಲ್ಲಿತ್ತು. ಎಸ್ಟೇಟಿನ ಹೆಸರು ಬಂದದ್ದು ಅಲ್ಲಿಂದ. ಕಮರಿಯನ್ನು ಗೋರಾಮ್ ಎಂಬ ದೈತ್ಯ ಅಗೆದನೆಂದು ಸ್ಥಳೀಯರು ಹೇಳುತ್ತಾರೆ, ಅವನು ಕೂರುತ್ತಿದ್ದ ಕಲ್ಲಿನ ಕುರ್ಚಿಯನ್ನೂ ತೋರಿಸುತ್ತಾರೆ. ಭೀಮ ಕೂತ ಬಂಡೆ, ಸೀತೆ ಮಿಂದ ಹೊಂಡ ತೋರಿಸುವ ಊರುಗಳಿಂದ ಬಂದ ನಮಗೆ ಇದನ್ನು ನಂಬುವುದೇನೂ ಕಷ್ಟವಲ್ಲ.

1762ರಲ್ಲಿ ಇದನ್ನು ಕೊಂಡವನು ಥಾಮಸ್ ಫಾರ್. ಅಟ್ಲಾಂಟಿಕ್ ಆಚೆಯ ಸಕ್ಕರೆಯಲ್ಲೂ ಆ ಸಕ್ಕರೆಗೆ ಬೆನ್ನೆಲುಬಾಗಿದ್ದ ಗುಲಾಮರ ವ್ಯಾಪಾರದಲ್ಲೂ ದುಡಿದ ಹಣ ಅವನದು. 1766ರಲ್ಲಿ ವಾಸ್ತುಶಿಲ್ಪಿ ರಾಬರ್ಟ್ ಮಿಲ್ನ್ ಕೈಯಲ್ಲಿ ಗುಡ್ಡದ ತುದಿಗೆ ಮೂರು ಗೋಪುರಗಳ ಒಂದು ಕೋಟೆ ಕಟ್ಟಿಸಿದ. ಯುದ್ಧಕ್ಕಲ್ಲ, ನೋಟಕ್ಕೆ. ಜೇನ್ ಆಸ್ಟೆನ್ ಕಾದಂಬರಿ ‘ನಾರ್ಥ್ಯಾಂಗರ್ ಅಬ್ಬಿ’ಯಲ್ಲಿ ಇದೇ ಕೋಟೆ ಬರುತ್ತದೆ; ಅದು ದೇಶದಲ್ಲೇ ಹಳೆಯದೆಂದು ಒಬ್ಬ ಬಡಾಯಿಕೋರ ನಾಯಕಿಯನ್ನು ನಂಬಿಸಿ ಗಾಡಿ ಹತ್ತಿಸುತ್ತಾನೆ. ಅವರು ಅಲ್ಲಿಗೆ ತಲುಪುವುದೇ ಇಲ್ಲ. ಆಸ್ಟೆನ್ ಅದನ್ನು ಬರೆಯುವಾಗ ಕೋಟೆಗೆ ಸುಮಾರು ಮೂವತ್ತು ವರ್ಷ, ಅಷ್ಟೇ.

ಫಾರ್ ಬ್ರಿಸ್ಟಲ್ಲಿನ ಮೇಯರ್ ಕೂಡ ಆದ. ಆದರೆ ಅಮೆರಿಕದ ಸ್ವಾತಂತ್ರ್ಯ ಯುದ್ಧ ಸಮುದ್ರ ವ್ಯಾಪಾರವನ್ನು ಕತ್ತರಿಸಿಹಾಕಿದಾಗ ಅವನ ಲೆಕ್ಕ ತಪ್ಪಿತು. 1778ರಲ್ಲಿ ದಿವಾಳಿಯಾದ. ಎಸ್ಟೇಟು ಕೈ ಬದಲಾಯಿಸುತ್ತ 1789ರಲ್ಲಿ ಜಾನ್ ಸ್ಕ್ಯಾಂಡ್ರೆಟ್ ಹಾರ್ಫರ್ಡ್ ಎಂಬ ಬ್ಯಾಂಕರ್ ಪಾಲಾಯಿತು. ಮುಂದಿನ 137 ವರ್ಷ ಅದು ಹಾರ್ಫರ್ಡ್ ಮನೆತನದ್ದು.

1789–1800: ಸರಳ ಮನೆ, ಸಿಂಗಾರದ ತೋಟ

ಹಾರ್ಫರ್ಡರು ಕ್ವೇಕರ್ ಪಂಥದವರು. ಉಡುಪಿನಲ್ಲಿ, ಮಾತಿನಲ್ಲಿ, ಪ್ರಾರ್ಥನೆಯಲ್ಲಿ ಆಡಂಬರ ಕೂಡದೆಂಬ ಜನ. ಮನೆತನದ ಹಳೆಯ ಸಂಪತ್ತು ಬ್ರಿಸ್ಟಲ್ಲಿನ ಹಿತ್ತಾಳೆ ಉದ್ಯಮದ್ದು. ಆ ಹಿತ್ತಾಳೆ ಸಾಮಾನು ಪಶ್ಚಿಮ ಆಫ್ರಿಕಾದ ತೀರಕ್ಕೂ ಹೋಗಿ ಅಲ್ಲಿ ಮನುಷ್ಯರನ್ನು ಕೊಳ್ಳುವ ನಾಣ್ಯವಾಗುತ್ತಿತ್ತು ಎಂಬುದನ್ನು ಶತಮಾನದ ಸಂಭ್ರಮದಲ್ಲಿ ಮರೆಯಬೇಕಾಗಿಲ್ಲ. ಮುಂದಿನ ತಲೆಮಾರು ಅದಕ್ಕೆ ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟಿತು, ಆ ಮಾತು ಆಮೇಲೆ.

1796ರಿಂದ 1798ರವರೆಗೆ ಸ್ಥಳೀಯ ವಾಸ್ತುಶಿಲ್ಪಿ ವಿಲಿಯಂ ಪ್ಯಾಟಿ ಈಗಿನ ದೊಡ್ಡ ಮನೆಯನ್ನು ಕಟ್ಟಿದ. ಕನ್ನಡ ಓದುಗರಿಗೆ ಕಾಲದ ಗುರುತು ಬೇಕೆಂದರೆ, ಅದು ಮುಗಿದ ಮರುವರ್ಷ ಶ್ರೀರಂಗಪಟ್ಟಣ ಬಿತ್ತು. ಮನೆ ಹೊರನೋಟಕ್ಕೆ ಗಂಭೀರ, ಬಹುಪಾಲು ಬೋಳು. ಕ್ವೇಕರ್ ಮನಸ್ಸಿಗೆ ಒಪ್ಪುವಂಥದ್ದು. ಹೊರಗೆ ತೋಟಕ್ಕೆ ಬಂದರೆ ಬಿಗಿ ಸಡಿಲುತ್ತದೆ. ತೋಟದ ವಿನ್ಯಾಸಕ್ಕೆ ಹಂಫ್ರಿ ರೆಪ್ಟನ್‌ನನ್ನು ಕರೆಸಿದ್ದರು. ಕೆಂಪು ಚರ್ಮದ ಹೊದಿಕೆಯ ಪುಸ್ತಕದಲ್ಲಿ ಈಗಿನ ನೋಟ, ಮುಂದಿನ ನೋಟ ಎರಡನ್ನೂ ಜಲವರ್ಣದಲ್ಲಿ ಬರೆದು ಯಜಮಾನರ ಕೈಗಿಡುವುದು ಅವನ ಪದ್ಧತಿ. ಬ್ಲೇಸಿಗೆ 1795–96ರಲ್ಲಿ ಅಂಥ ಪುಸ್ತಕ ತಯಾರಾಯಿತು. ಕಮರಿಯ ಅಂಚಿನಲ್ಲಿ ಸುತ್ತಿ ಸುಳಿದು ಬರುವ ಗಾಡಿದಾರಿ ಅವನದೇ ಕಲ್ಪನೆ. ಎದುರು ಗುಡ್ಡದ ಕಾಡಿನಲ್ಲಿ ಮರ ಕಡಿಯುವವನಿಗೊಂದು ಗುಡಿಸಲು ಹಾಕಿಸಬೇಕು, ಅದರ ಒಲೆಯ ಹೊಗೆ ದೊಡ್ಡ ಮನೆಯ ಕಿಟಕಿಗೆ ಕಾಣಬೇಕು ಎಂದ. ಆ ಗುಡಿಸಲಿನಲ್ಲಿ ಇರುವವರಿಗೆ ಒಲೆ ಉರಿಯುವುದು ಗಂಜಿಗಾಗಿ, ಕಿಟಕಿಯಲ್ಲಿ ನಿಂತವರಿಗೆ ಚಿತ್ರ ಪೂರ್ಣವಾಗಲು. ಮುಂದೆ ಡೈರಿ ಕಟ್ಟಿಸಿದ ಮನಸ್ಸೂ ಇದೇ.

ರೆಪ್ಟನ್ ಜೊತೆಗೆ ಆಗ ಪಾಲುದಾರನಾಗಿದ್ದವನು ಜಾನ್ ನ್ಯಾಶ್. ತೋಟ ಇವನದು, ಕಟ್ಟಡ ಅವನದು ಎಂಬ ಒಪ್ಪಂದ. 1800ರ ಹೊತ್ತಿಗೆ ಇಬ್ಬರೂ ಬೇರೆಯಾದರು. ಪಾಲಿನ ಹಣದ ಬಗ್ಗೆ, ನ್ಯಾಶನ ಕಚೇರಿಯಲ್ಲಿ ದುಡಿಯುತ್ತಿದ್ದ ರೆಪ್ಟನ್ ಮಗನಿಗೆ ಸಲ್ಲಬೇಕಿದ್ದ ಹೆಸರಿನ ಬಗ್ಗೆ ಬೇಸರ ಬೆಳೆದಿತ್ತು ಎಂದಷ್ಟು ಹೇಳಿದರೆ ಸಾಕು. ಬ್ಲೇಸಿನಲ್ಲಿ ಮಾತ್ರ ಇಬ್ಬರ ಕೆಲಸವೂ ಒಂದಕ್ಕೊಂದು ಒಗ್ಗಿಕೊಂಡೇ ಉಳಿದಿದೆ.

1804ರ ಸುಮಾರು: ಡೈರಿ ಎದ್ದದ್ದು

ದೊಡ್ಡ ಮನೆ ಮುಗಿದ ಕೆಲವೇ ವರ್ಷಗಳಲ್ಲಿ ಹಾರ್ಫರ್ಡ್ ನ್ಯಾಶ್‌ನನ್ನು ಕರೆಸಿದ. ಮನೆಗೆ ಸೇರಿಕೊಂಡಂತೆ ಗಾಜಿನ ಗಿಡಮನೆ, ಹತ್ತಿರದಲ್ಲೇ ಹುಲ್ಲು ಹೊದಿಸಿದ ಡೈರಿ ಆ ಹೊತ್ತಿನವು. ಒಂದು ಕಟ್ಟಡಕ್ಕೆ ಬಿಸಿ ಬೇಕು, ಇನ್ನೊಂದಕ್ಕೆ ತಂಪು.

ಶ್ರೀಮಂತರ ತೋಟದಲ್ಲಿ ಡೈರಿ ಎಂಬುದು ಆಗಿನ ಯುರೋಪಿನ ಖಯಾಲಿ. 1783ರಲ್ಲಿ ಜಾನ್ ಸೋನ್ ಎಂಬ ವಾಸ್ತುಶಿಲ್ಪಿ ಹರ್ಟ್‌ಫರ್ಡ್‌ಶೈರಿನ ಹ್ಯಾಮಲ್ಸ್‌ನಲ್ಲಿ ತೊಗಟೆ ಕೂಡ ಸುಲಿಯದ ಮರದ ಬೊಡ್ಡೆಗಳನ್ನೇ ಕಂಬವಾಗಿ ನಿಲ್ಲಿಸಿ, ಮೇಲೆ ಹುಲ್ಲು ಹೊದಿಸಿ ಒಂದು ಡೈರಿ ಕಟ್ಟಿದ. ಅದೇ ವರ್ಷಗಳಲ್ಲಿ ಫ್ರಾನ್ಸಿನ ರಾಣಿ ಮೇರಿ ಆಂತ್ವನೆತ್ ವರ್ಸೈ ಅರಮನೆಯ ಹಿಂದೆ ಒಂದು ಪೂರ್ತಿ ಹಳ್ಳಿಯನ್ನೇ ಕಟ್ಟಿಸಿಕೊಂಡಳು. 1786ರಲ್ಲಿ ಹೆನ್ರಿ ಹಾಲಂಡ್ ಆಲ್ಥಾರ್ಪ್ ಅರಮನೆಯಲ್ಲಿ ಕಟ್ಟಿದ ಡೈರಿಗೆ ಹಾಲಿನ ತಟ್ಟೆಗಳು ಬಂದದ್ದು ಜೋಸಾಯ ವೆಜ್‌ವುಡ್‌ನ ಕುಂಬಾರಿಕೆಯಿಂದ. ಮನೆಯೊಡತಿ ಅತಿಥಿಗಳನ್ನು ಊಟದ ನಂತರ ಅಡ್ಡಾಡಿಸುತ್ತ ಡೈರಿಗೆ ಕರೆತಂದು, ತಂಪು ಕೋಣೆಯಲ್ಲಿ ಕೆನೆ ತಿನ್ನಿಸುವುದು ಒಂದು ಉಪಚಾರ.

ಇಷ್ಟು ಕೇಳಿದರೆ ಡೈರಿ ಬರೀ ಬೊಂಬೆಮನೆ ಎನಿಸುತ್ತದೆ. ಹಾಗೆ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಐಸ್ ಪೆಟ್ಟಿಗೆ ಇಲ್ಲದ ಕಾಲದಲ್ಲಿ, ಬೆಣ್ಣೆ ಹಾಳಾಗದಂತೆ ಮಾಡಿಕೊಳ್ಳಲು ಹುಲ್ಲಿನ ಚಾವಣಿ ಒಂದು ಚೆನ್ನಾದ ಏರ್ಪಾಡಾಗಿತ್ತು. ಅಲ್ಲಿನ ಕ್ರಮವೇ ಬೇರೆ. ನಮ್ಮಲ್ಲಿ ಹಾಲು ಕಾಯಿಸಿ, ಹೆಪ್ಪು ಹಾಕಿ, ಮೊಸರಾದ ಮೇಲೆ ಕಡಗೋಲು ಇಡುತ್ತೇವೆ. ನಮ್ಮ ಸೆಕೆ ಮೊಸರಿಗೆ ಶತ್ರುವಲ್ಲ. ಅವರು ಕರೆದ ಹಾಲನ್ನು ಕಾಯಿಸದೆ, ಅಗಲ ಬಾಯಿಯ, ನಾಲ್ಕು ಬೆರಳು ಆಳವೂ ಇಲ್ಲದ ತಟ್ಟೆಗಳಿಗೆ ಸುರಿದು ಕಲ್ಲಿನ ಜಗಲಿಯ ಮೇಲೆ ಸಾಲಾಗಿ ಇಡುತ್ತಿದ್ದರು. ಅರ್ಧ ದಿನ, ಕೆಲವೊಮ್ಮೆ ಒಂದು ದಿನ ಅಲುಗಾಡಿಸದೆ ಬಿಟ್ಟರೆ ಕೆನೆ ತಾನಾಗಿ ಮೇಲೆ ಕಟ್ಟುತ್ತದೆ. ತೂತುಗಳಿರುವ ಚಪ್ಪಟೆ ಸೌಟಿನಲ್ಲಿ ಅದನ್ನು ತೆಗೆದು ಕೂಡಿಟ್ಟು, ಮರದ ಪೀಪಾಯಿಯಲ್ಲಿ ಕಡೆಯಬೇಕು. ಕೋಣೆ ಬೆಚ್ಚಗಾದರೆ ಕೆನೆ ಕಟ್ಟುವ ಮೊದಲೇ ಹಾಲು ಹುಳಿಯುತ್ತದೆ. ಕಡೆಯುವಾಗ ಬಿಸಿ ಹೆಚ್ಚಿದರೆ ಬೆಣ್ಣೆ ಮುದ್ದೆಯಾಗದೆ ಎಣ್ಣೆಯಂತೆ ಜಿಡ್ಡಾಗುತ್ತದೆ, ತೀರಾ ಚಳಿಯಾದರೆ ಎಷ್ಟು ಕಡೆದರೂ ಬೆಣ್ಣೆ ಬಾರದು. 13ರಿಂದ 15 ಡಿಗ್ರಿ ಸೆಲ್ಸಿಯಸ್ ಹದ.

ಒಂದು ಅಡಿಯಷ್ಟು ದಪ್ಪದ ಹುಲ್ಲಿನೊಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ, ಬಿಸಿಲಿನ ಕಾವು ಕೆಳಗೆ ಇಳಿಯುವುದಿಲ್ಲ. ಸೂರು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿಕೊಂಡಿರುವುದರಿಂದ ಗೋಡೆಗೆ ನೇರ ಬಿಸಿಲು ಬೀಳದು. ಬಡಗಣಕ್ಕೆ ಮುಖ, ನೆರಳಿಗೆ ಮರ, ಕಿಟಕಿಗೆ ಜಾಲರಿ, ನೀರು ಸುರಿದು ತೊಳೆಯಬಹುದಾದ ಕಲ್ಲುನೆಲ: ಆ ಕಾಲದ ಡೈರಿ ಕಟ್ಟುವವರ ಸೂತ್ರ ಇಷ್ಟು. ಅತಿಥಿಗಳಿಗೆ ಚಂದ ಕಂಡ ಆ ತಗ್ಗಿದ ಸೂರು, ಮುಂಜಾನೆ ಬಕೆಟ್ಟು ಹೊತ್ತು ಬಂದ ಹೆಣ್ಣಾಳಿಗೆ ಬೆಣ್ಣೆ ಉಳಿಸುವ ಸಾಧನ. ಮಣಿಕಟ್ಟಿನವರೆಗೆ ತಣ್ಣೀರಿನಲ್ಲಿ ಕೈಯಿಟ್ಟು ಬೆಣ್ಣೆಯಿಂದ ಮಜ್ಜಿಗೆಯನ್ನು ಹಿಂಡಿ ಹಿಂಡಿ ತೆಗೆದವರು ಅವರೇ. ಮಜ್ಜಿಗೆಯ ಹನಿ ಉಳಿದರೆ ಬೆಣ್ಣೆ ಎರಡು ದಿನದಲ್ಲಿ ಕಮಟುತ್ತದೆ. ಆ ಹೆಂಗಸರ ಹೆಸರುಗಳು ಕಟ್ಟಡದ ಕಥೆ ಹೇಳುವಾಗ ಬರುವುದೇ ಇಲ್ಲ, ನ್ಯಾಶನ ಹೆಸರು ಬರುತ್ತದೆ.

ಅದೇ ಕಾಲಕ್ಕೆ ಮೈಸೂರಿನಲ್ಲಿ ಹಾಲು, ಬೆಣ್ಣೆ ಸರ್ಕಾರದ ಒಂದು ಇಲಾಖೆಯ ಹೊಣೆ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಟಿಪ್ಪುವಿನ ಕೈಯಲ್ಲಿ ಅಮೃತಮಹಲ್ ಆಗಿ, ಕಾವಲುಗಳ ತುಂಬ ದನ ಮೇಯಿಸುತ್ತಿತ್ತು. ಅಲ್ಲಿ ಪ್ರತಿಷ್ಠೆ ಇದ್ದದ್ದು ದನದ ತಳಿಯಲ್ಲಿ, ತೋಪು ಎಳೆಯುವ ಎತ್ತಿನ ಕಸುವಿನಲ್ಲಿ. ಹಾಲಿಡುವ ಕೋಣೆಗೆ ವಾಸ್ತುಶಿಲ್ಪಿಯನ್ನು ಕರೆಸಬೇಕೆಂಬ ಯೋಚನೆ ನಮ್ಮ ಅರಸರಿಗೆ ಬರಲಿಲ್ಲ.

ನ್ಯಾಶ್ ಆಮೇಲೆ ಲಂಡನ್ನಿನ ರೀಜೆಂಟ್ ಸ್ಟ್ರೀಟಿನಿಂದ ದೊಡ್ಡ ಹೆಸರಾದ. 1815ರಿಂದ ಬ್ರೈಟನ್ನಿನ ರಾಜಮಹಲಿಗೆ ಹಿಂದೂಸ್ತಾನಿ ಗುಮ್ಮಟಗಳನ್ನು ಏರಿಸಿದವನೂ ಅವನೇ. ಆ ಮಹಲಿಗೆ ಭಾರತೀಯ ಶೈಲಿಯ ನಕ್ಷೆಯನ್ನು ಮೊದಲು ಬರೆದುಕೊಟ್ಟವನು ರೆಪ್ಟನ್, ಕೆಲಸ ಸಿಕ್ಕಿದ್ದು ನ್ಯಾಶ್‌ಗೆ. ಹಳೆಯ ಬೇಸರ ಆರಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

1810–1815: ದುಡಿದು ದಣಿದವರಿಗೆ ಮನೆಗಳು

ಡೈರಿಯ ಮೇಲಿನ ಹುಲ್ಲು ಯಜಮಾನನ ಮನಸ್ಸಿಗೆ ಹಿಡಿಸಿರಬೇಕು. 1810ರಲ್ಲಿ ಹಾರ್ಫರ್ಡ್ ಎಸ್ಟೇಟಿನ ಅಂಚಿನಲ್ಲಿ ಮುದಿ ಆಳುಕಾಳುಗಳಿಗಾಗಿ ಒಂದು ಸಣ್ಣ ಕೇರಿಯನ್ನೇ ಕಟ್ಟಿಸಲು ಹೊರಟ. ಅದೇ ಬ್ಲೇಸ್ ಹ್ಯಾಮ್ಲೆಟ್. ನ್ಯಾಶ್ ಮತ್ತು ಅವನ ಕಚೇರಿಯಲ್ಲಿದ್ದ ಜಾರ್ಜ್ ರೆಪ್ಟನ್ (ಹಂಫ್ರಿ ರೆಪ್ಟನ್‌ನ ಇನ್ನೊಬ್ಬ ಮಗ; ತಂದೆಯ ಬೇಸರ ಇವನನ್ನು ತಡೆಯಲಿಲ್ಲ) ಒಟ್ಟು 9 ಮನೆಗಳ ನಕ್ಷೆ ಮಾಡಿದರು. ಒಂದು ಮನೆ ಇನ್ನೊಂದರಂತಿಲ್ಲ. ಕೆಲವಕ್ಕೆ ಹುಲ್ಲು, ಕೆಲವಕ್ಕೆ ಕಲ್ಲುಹಂಚು. ಎಲ್ಲಕ್ಕೂ ಎತ್ತರದ ಇಟ್ಟಿಗೆ ಹೊಗೆಗೂಡು. ನಡುವೆ ಹಸಿರು ಬಯಲು, ಅದರಲ್ಲೊಂದು ನೀರಿನ ಪಂಪು. ಒಬ್ಬರ ಬಾಗಿಲಿಗೆ ಇನ್ನೊಬ್ಬರ ಬಾಗಿಲು ಎದುರಾಗದಂತೆ ಮನೆಗಳನ್ನು ಓರೆಯಾಗಿ ನಿಲ್ಲಿಸಿದ್ದಾರೆ, ಹರಟೆ ಹೊಡೆಯುತ್ತ ನಿಲ್ಲದಿರಲಿ ಎಂದು.

ವೃದ್ಧರಿಗೆ ಪಿಂಚಣಿ ಇಲ್ಲದ ದೇಶ ಅದು. ಸರ್ಕಾರಿ ವೃದ್ಧಾಪ್ಯ ವೇತನಕ್ಕೆ ಇನ್ನೂ ನೂರು ವರ್ಷ ಕಾಯಬೇಕಿತ್ತು. ಜೀವಮಾನವೆಲ್ಲ ಬೇರೆಯವರ ಅಡುಗೆಮನೆ, ಲಾಯ, ಡೈರಿಗಳಲ್ಲಿ ದುಡಿದವರು ಕೈ ಸೋತ ಮೇಲೆ ಊರಿನ ಬಡವರ ನಿಧಿಗೆ ಕೈಚಾಚಬೇಕಿತ್ತು. ಆ ದೃಷ್ಟಿಯಲ್ಲಿ ಈ 9 ಮನೆಗಳು ನಿಜವಾದ ಉಪಕಾರ. ಯಜಮಾನರ ಅತಿಥಿಗಳು ಗಾಡಿಯಲ್ಲಿ ಬಂದು ಮುದುಕಿಯರ ಹಿತ್ತಿಲನ್ನು ಚಿತ್ರದಂತೆ ನೋಡಿಹೋಗುವುದೂ ಆ ಉಪಕಾರದ ಜೊತೆಗೇ ಬಂದ ಷರತ್ತು.

1815–1866: ಮಗನ ಕಾಲ

1815ರಲ್ಲಿ ಹಿರಿಯ ಹಾರ್ಫರ್ಡ್ ತೀರಿಕೊಂಡ. ಅದೇ ಹೆಸರಿನ ಮಗ ಎಸ್ಟೇಟಿಗೆ ಒಡೆಯನಾದ. ಕ್ವೇಕರ್ ಪಂಥ ಬಿಟ್ಟು ಆಂಗ್ಲಿಕನ್ ಚರ್ಚು ಸೇರಿದ್ದ. ಮನೆಯೊಳಗೆ ಅದು ಹೇಗೆ ಸಂದಿತೋ, ಹೊರಗೆ ಮಾತ್ರ ಆಸ್ತಿ ಚೂರಾಗದೆ ಉಳಿಯಿತು. ವಿಲಿಯಂ ವಿಲ್ಬರ್‌ಫೋರ್ಸ್, ಹ್ಯಾನಾ ಮೋರ್ ಅವರ ಸ್ನೇಹಿತನಾಗಿ ಗುಲಾಮಗಿರಿ ತೊಡೆಯುವ ಚಳವಳಿಯಲ್ಲಿ ನಿಂತ. ಇಟಲಿಗೆ ಹೋಗಿ ಚಿತ್ರಗಳನ್ನು ಕೊಂಡು ತಂದ, ಮೈಕೆಲ್ಯಾಂಜೆಲೊ ಜೀವನಚರಿತ್ರೆ ಬರೆದ. ವೇಲ್ಸಿನ ಲ್ಯಾಂಪೀಟರ್ ಕಾಲೇಜಿಗೆ ಜಾಗ ಕೊಟ್ಟ. ಆ ಕಾಲೇಜನ್ನು ಕಟ್ಟಿದ ಸಿ. ಆರ್. ಕಾಕರೆಲ್‌ನಿಂದಲೇ 1832–33ರಲ್ಲಿ ಬ್ಲೇಸ್ ಮನೆಗೊಂದು ಚಿತ್ರಶಾಲೆ ಕಟ್ಟಿಸಿದ.

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದಿನ ಕಾಯ್ದೆ ಬಂದದ್ದು 1833ರಲ್ಲಿ. ಆ ಸೆಪ್ಟೆಂಬರಿನಲ್ಲಿ ಇದೇ ಬ್ರಿಸ್ಟಲ್ಲಿನ ಇನ್ನೊಂದು ಮಗ್ಗುಲ ಸ್ಟೇಪಲ್‌ಟನ್ನಿನಲ್ಲಿ ರಾಜಾ ರಾಮಮೋಹನ ರಾಯರು ಜ್ವರದಿಂದ ತೀರಿಕೊಂಡರು. ಆರ್ನೋಸ್ ವೇಲ್ ರುದ್ರಭೂಮಿಯಲ್ಲಿರುವ ಅವರ ಸಮಾಧಿ ನೋಡಲು ಹೋಗುವ ಕನ್ನಡಿಗರು, ಇನ್ನರ್ಧ ದಿನ ಕೈಯಲ್ಲಿದ್ದರೆ ಬ್ಲೇಸನ್ನೂ ನೋಡಿಬರಬಹುದು.

1866–1926: ಕೆಲಸ ಕಳೆದುಕೊಂಡ ಡೈರಿ

ಈ ಅರವತ್ತು ವರ್ಷಗಳಲ್ಲಿ ಇಂಗ್ಲೆಂಡಿನ ಮನೆಡೈರಿಗಳೆಲ್ಲ ಸದ್ದಿಲ್ಲದೆ ನಿರುದ್ಯೋಗಿಗಳಾದವು. 1865–66ರ ದೊಡ್ಡ ದನದ ರೋಗ ನಗರದೊಳಗಿನ ಕೊಟ್ಟಿಗೆಗಳನ್ನು ಖಾಲಿ ಮಾಡಿತು. ಹಳ್ಳಿಯ ಹಾಲು ರೈಲು ಹತ್ತಿ ಪಟ್ಟಣಕ್ಕೆ ಹೋಗುವುದು ರೂಢಿಯಾಯಿತು. 1878ರಲ್ಲಿ ಸ್ವೀಡನ್ನಿನ ಗುಸ್ತಾಫ್ ಡಿ ಲವಾಲ್ ಕೆನೆ ಬೇರ್ಪಡಿಸುವ ತಿರುಗುಯಂತ್ರ ತಂದ. ಒಂದು ದಿನ ಹಾಲನ್ನು ಅಲುಗಾಡಿಸದೆ ಇಟ್ಟು ಕಾಯುವ ಕೆಲಸವನ್ನು ಅದು ಹಾಲು ಸುರಿದಷ್ಟು ಹೊತ್ತಿನಲ್ಲಿ ಮುಗಿಸಿತು. ತಂಪುಕೋಣೆಯ ಜಗಲಿಯ ಮೇಲೆ ತಟ್ಟೆ ಸಾಲಿಡುವ ಅಗತ್ಯವೇ ತಪ್ಪಿತು. ಉಪಯೋಗಕ್ಕಷ್ಟೇ ಕಟ್ಟಿದ ಡೈರಿಗಳು ಸೌದೆಮನೆಯಾದವು, ಬಿದ್ದವು. ಸೋನ್ ಕಟ್ಟಿದ ಹ್ಯಾಮಲ್ಸ್ ಡೈರಿ ಇಂದು ಇಲ್ಲ. ಬ್ಲೇಸಿನದು ಉಳಿದದ್ದು ಅದು ಕಣ್ಣಿಗೆ ಚಂದವಾಗಿದ್ದರಿಂದ ಎಂದೇ ನನಗೆ ತೋರುತ್ತದೆ. ಬೆಣ್ಣೆ ನಿಂತ ಮೇಲೂ ಅದರ ಮೇಲೆ ಹುಲ್ಲು ಹೊದಿಸಲು ಯಾರಿಗಾದರೂ ಮನಸ್ಸಾಯಿತು.

1926–1949: ನಗರದ ಕೈಗೆ

ಮೊದಲ ಮಹಾಯುದ್ಧದ ನಂತರ ಇಂಥ ದೊಡ್ಡ ಎಸ್ಟೇಟುಗಳನ್ನು ಹೊತ್ತುಕೊಂಡು ಹೋಗುವುದು ಕುಟುಂಬಗಳಿಗೆ ಕಷ್ಟವಾಯಿತು. ತೆರಿಗೆ ಏರಿತ್ತು, ಆಳುಗಳು ಸಿಗುತ್ತಿರಲಿಲ್ಲ. ಇನ್ನೊಂದು ಕಡೆ ಬ್ರಿಸ್ಟಲ್ ಹಿಗ್ಗುತ್ತಿತ್ತು. 1919ರ ವಸತಿ ಕಾಯ್ದೆಯ ನಂತರ ಸೀ ಮಿಲ್ಸ್‌ನಂಥ ಹೊಸ ಬಡಾವಣೆಗಳು ಬ್ಲೇಸಿನ ಕಡೆಗೇ ಚಾಚಿಕೊಳ್ಳುತ್ತಿದ್ದವು. ಹೊಸ ಮನೆಗಳಿಗೆ ಬಂದವರಿಗೆ ಅಡ್ಡಾಡಲು ಬಯಲು ಬೇಕು. 1926ರಲ್ಲಿ ನಗರಾಡಳಿತ ಕೊಟ್ಟ ಹಣ ಆ ಬಯಲಿಗೆ. ಡೈರಿ ಅದರ ಜೊತೆಗೆ ಬಂತು. ಎರಡನೆಯ ಯುದ್ಧ ಮುಗಿದ ಮೇಲೆ ಲಾರೆನ್ಸ್ ವೆಸ್ಟನ್, ಹೆನ್‌ಬರಿ ಬಡಾವಣೆಗಳೂ ಎದ್ದು ಸುತ್ತುವರಿದಾಗ ಆ ಖರೀದಿಯ ಬೆಲೆ ಎಲ್ಲರಿಗೂ ಗೊತ್ತಾಯಿತು.

ಯುದ್ಧದ ನಡುವೆಯೇ, 1943ರಲ್ಲಿ, ಹ್ಯಾಮ್ಲೆಟ್ಟಿನ ಮನೆಗಳು ನ್ಯಾಷನಲ್ ಟ್ರಸ್ಟ್ ಪಾಲಾದವು. ಅಲ್ಲಿ ಈಗಲೂ ಜನ ವಾಸವಿದ್ದಾರೆ. ಬಯಲಿಗೆ ಹೋಗಿ ಹೊರಗಿನಿಂದ ನೋಡಬಹುದು, ಒಳಗೆ ಇಣುಕುವಂತಿಲ್ಲ.

1949ರಲ್ಲಿ ದೊಡ್ಡ ಮನೆ ಜನಜೀವನದ ಮ್ಯೂಸಿಯಂ ಆಯಿತು. ರಾಜರ ಕತ್ತಿ, ಕಿರೀಟಗಳನ್ನು ಬಿಟ್ಟು ಅಡುಗೆ ಪಾತ್ರೆ, ಬಟ್ಟೆ ಒಗೆಯುವ ಸಾಮಾನು, ಮಕ್ಕಳ ಆಟಿಕೆ, ಉಡುಗೆ ಇಲ್ಲಿ ಸೇರಿದವು. ಬ್ಲೇಸಿನ ಇತಿಹಾಸದಲ್ಲಿ ಇದನ್ನೇ ದೊಡ್ಡ ತಿರುವು ಎಂದು ನಾನು ಎಣಿಸುತ್ತೇನೆ. ಅಲ್ಲಿಯವರೆಗೆ ಈ ಜಾಗಕ್ಕೆ ಬಂದವರು ಒಡೆಯರ ಅಭಿರುಚಿ ನೋಡಲು ಬರುತ್ತಿದ್ದರು, ಆಮೇಲೆ ಆಳುಗಳ ಕೈಯಲ್ಲಿದ್ದ ಸಾಮಾನು ನೋಡಲು ಬಂದರು. 1950ರ ದಶಕದಲ್ಲಿ ಚ್ಯೂ ಕಣಿವೆಗೆ ಜಲಾಶಯ ಬಂದು ಸ್ಟ್ರಾಟ್‌ಫರ್ಡ್ ಎಂಬ ಹಿಟ್ಟಿನ ಗಿರಣಿಯ ಜಾಗ ನೀರಿಗೆ ಹೋಗುವುದಾಯಿತು. ಗಿರಣಿಯನ್ನು ಬಿಚ್ಚಿ ತಂದು ಬ್ಲೇಸ್ ಕಮರಿಯ ಹೇಜಲ್ ಹಳ್ಳದ ದಡದಲ್ಲಿ ಮತ್ತೆ ಕಟ್ಟಿದರು. ರೆಪ್ಟನ್ ಇದ್ದಿದ್ದರೆ ಅದನ್ನೂ ತನ್ನ ಕೆಂಪು ಪುಸ್ತಕಕ್ಕೆ ಸೇರಿಸುತ್ತಿದ್ದ.

ಈಚಿನ ದಶಕಗಳು: ಹೊದಿಕೆಯ ಲೆಕ್ಕ

ಡೈರಿ ಈಗ ಕಾನೂನಿನ ರಕ್ಷಣೆಯಿರುವ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದೆ. ಹುಲ್ಲು ಹಾಳಾಯಿತೆಂದು ಹಂಚು ಹಾಕುವಂತಿಲ್ಲ, ಹುಲ್ಲೇ ಹೊದಿಸಬೇಕು.

ಮಲೆನಾಡಿನಲ್ಲಿ ಸೋಗೆ ಹೊದಿಕೆ ವರ್ಷವರ್ಷದ ಕೆಲಸವಾಗಿತ್ತು. ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆ ಕೂಡಿಹಾಕಿ, ಮುಯ್ಯಾಳುಗಳನ್ನು ಕರೆದು, ಒಂದೆರಡು ದಿನದಲ್ಲಿ ಮುಗಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಅದು ಕಸುಬುದಾರನ ಕೆಲಸ. ಚಾವಣಿಯ ಇಳಿಜಾರು 45 ಡಿಗ್ರಿಗೆ ಕಡಿಮೆಯಿದ್ದರೆ ನೀರು ಜಾರದೆ ಹುಲ್ಲು ಕೊಳೆಯುತ್ತದೆ. ಕೆಳಗಿನ ಸೂರಿನಿಂದ ಶುರುಮಾಡಿ, ಕಟ್ಟು ಕಟ್ಟಾಗಿ ಮೇಲೇರುತ್ತ, ಹೇಜಲ್ ಗಿಡದ ಸೀಳಿದ ಕಡ್ಡಿಯನ್ನು ನಡುವೆ ತಿರುಚಿ ಮಡಚಿ, ಎರಡೂ ತುದಿಗಳನ್ನು ಹುಲ್ಲಿನೊಳಗೆ ಒತ್ತಿ ಬಿಗಿಯುತ್ತಾರೆ. ಮೊಳೆಯ ಕೆಲಸ ಆ ಕಡ್ಡಿಯದು. ಕೆರೆಯ ಜೊಂಡು ಹೊದಿಸಿದರೆ ನಲವತ್ತು ವರ್ಷಕ್ಕೂ ಮಿಕ್ಕಿ ಬಾಳುತ್ತದೆ, ಗೋಧಿ ಹುಲ್ಲಾದರೆ ಅದರ ಅರ್ಧ. ಯಾವುದೇ ಇರಲಿ, ನೆತ್ತಿಯ ಹೊದಿಕೆಯನ್ನು ಹತ್ತು ಹದಿನೈದು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಮಳೆಯ ಪೆಟ್ಟು ಮೊದಲು ಬೀಳುವುದು ಅಲ್ಲಿಗೆ. ನ್ಯಾಶ್ ಕಾಲದ ಒಂದು ಎಳೆ ಹುಲ್ಲೂ ಇಂದು ಆ ಚಾವಣಿಯ ಮೇಲ್ಮೈಯಲ್ಲಿ ಇರಲಾರದು.

ಹುಲ್ಲು ಸಿಗುವುದೂ ಈಗ ಸುಲಭವಲ್ಲ. ಯಂತ್ರದಲ್ಲಿ ಕೊಯ್ಯುವ ಕುಳ್ಳ ತಳಿಯ ಗೋಧಿ ಬಂದ ಮೇಲೆ ಉದ್ದ ಹುಲ್ಲು ಬೇಕೆಂದರೆ ಹಳೆಯ ತಳಿಯನ್ನು ಬೇರೆಯಾಗಿ ಬಿತ್ತಿಸಿ, ಹಳೆಯ ಯಂತ್ರದಲ್ಲಿ ಕೊಯ್ಯಿಸಬೇಕು. ಇಂಗ್ಲೆಂಡಿನ ಮನೆಗಳಿಗೆ ಹೊದಿಸುವ ಜೊಂಡಿನಲ್ಲಿ ಬಹುಪಾಲು ಪೂರ್ವ ಯುರೋಪು, ಟರ್ಕಿ, ಚೀನಾಗಳಿಂದ ಹಡಗಿನಲ್ಲಿ ಬರುತ್ತದೆ. ಹಾರ್ಫರ್ಡರು ಎಸ್ಟೇಟಿನ ಸುತ್ತಲ ಹೊಲಗಳಿಂದ ತರಿಸಬಹುದಾಗಿದ್ದ ಹುಲ್ಲಿಗೆ ಈಗ ನಗರಾಡಳಿತ ಟೆಂಡರು ಕರೆಯಬೇಕು, ಗ್ರಂಥಾಲಯ, ರಸ್ತೆಗಳ ಖರ್ಚಿನ ಪಕ್ಕದಲ್ಲಿ ಅದಕ್ಕೂ ಒಂದು ಸಾಲು ಹಾಕಬೇಕು.